ಎನ್‌ಡಿಎ ಕನಸಿನ ಮಗುವನ್ನು ತಯಾರು ಮಾಡುವುದು ಹೇಗೆ? ಪರೀಕ್ಷೆ ಅರ್ಧ, ಮನೆ ಇನ್ನರ್ಧ

ಸೆಕೆಂಡ್ ಪಿಯು ಮುಗಿಸಿದ ಮಗುವಿಗೆ ಮೂರು ವರ್ಷ ಊಟ, ವಸತಿ, ಪುಸ್ತಕ, ಸಮವಸ್ತ್ರ, ಚಿಕಿತ್ಸೆ ಎಲ್ಲವೂ ಸರ್ಕಾರದ ಖರ್ಚಿನಲ್ಲೇ ಸಿಗುತ್ತದೆ. ಕೊನೆಯಲ್ಲಿ ಜೆಎನ್‌ಯು ಪದವಿ ಕೈಗೆ ಬರುತ್ತದೆ. ಆಮೇಲೆ ಇನ್ನೊಂದು ಹಂತದ ತರಬೇತಿ, ಆ ಅವಧಿಯಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಅದು ಮುಗಿದರೆ ಸೇನೆಯಲ್ಲಿ ಅಧಿಕಾರಿ ಹುದ್ದೆ. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, ಕೊಡುವುದು ಇದನ್ನೇ. ಹೆಸರಿಗೆ ಸ್ಕಾಲರ್‌ಶಿಪ್ ಅಲ್ಲದಿದ್ದರೂ ಇದಕ್ಕಿಂತ ದೊಡ್ಡ ಸ್ಕಾಲರ್‌ಶಿಪ್ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಸಿಗುವುದು ಕಷ್ಟ. ತಂದೆತಾಯಿ ನೋಡಿಕೊಳ್ಳಬೇಕಾದದ್ದು ಮುಖ್ಯವಾಗಿ ಮಗುವಿನ ಕೈಖರ್ಚು ಮಾತ್ರ.

ಆದರೆ ಸ್ಪರ್ಧೆ ಜೋರು. ಪ್ರತಿ ಸಲ ಲಕ್ಷಗಟ್ಟಲೆ ಮಕ್ಕಳು ಅರ್ಜಿ ಹಾಕುತ್ತಾರೆ. ಬರಹದ ಪರೀಕ್ಷೆ ದಾಟುವವರು ಕೆಲವು ಸಾವಿರ. ಇರುವ ಸೀಟು ಸುಮಾರು 400. ಈ ಸಂಖ್ಯೆ ನೋಡಿದ ಕೂಡಲೇ ನಮ್ಮ ಕಡೆ ಮಾಡುವ ಮೊದಲ ಕೆಲಸ ಅಂದರೆ ಒಳ್ಳೆ ಕೋಚಿಂಗ್ ಸೆಂಟರ್ ಹುಡುಕುವುದು. ನನ್ನ ಪ್ರಕಾರ ಅದು ಮೂರನೆಯದೋ ನಾಲ್ಕನೆಯದೋ ಕೆಲಸ. ಅದಕ್ಕೆ ಮುಂಚೆ ಮಾಡಬೇಕಾದದ್ದು ಜಾಸ್ತಿ ಇದೆ, ಮತ್ತು ಅದರಲ್ಲಿ ಬಹುಪಾಲು ಮನೆಯಲ್ಲೇ ಆಗಬೇಕು.

ಮೊದಲು ಕಣ್ಣು ತೋರಿಸಿ

ವಿಚಿತ್ರ ಅನಿಸಬಹುದು, ಆದರೆ ಮೊದಲ ಹೆಜ್ಜೆ ಡಾಕ್ಟರ್ ಹತ್ತಿರ ಹೋಗುವುದು. ಮೂರು ವರ್ಷ ಕನಸು ಕಟ್ಟಿ, ಬರಹದ ಪರೀಕ್ಷೆ, ಸಂದರ್ಶನ ಎಲ್ಲ ಗೆದ್ದು, ಕೊನೆಯ ವೈದ್ಯಕೀಯ ತಪಾಸಣೆಯಲ್ಲಿ ಬಣ್ಣಗುರುಡು ಇದೆ ಅಂತ ಗೊತ್ತಾದರೆ ಆ ಮಗುವಿನ ಸಂಕಟ ಹೇಳತೀರದು. ಬಣ್ಣಗಳನ್ನು ಗುರುತಿಸುವ ಪರೀಕ್ಷೆ ಹತ್ತು ನಿಮಿಷದ ಕೆಲಸ. ಒಂಬತ್ತನೇ ಕ್ಲಾಸಿನಲ್ಲೋ ಹತ್ತರಲ್ಲೋ ಅದನ್ನು ಮಾಡಿಸಿಬಿಡಿ.

ಕಣ್ಣಿನ ಜೊತೆ ಕಿವಿ, ಹಲ್ಲು, ಪಾದ, ಮಂಡಿ, ತೂಕವನ್ನೂ ನೋಡಿಸಿ. ಚಪ್ಪಟೆ ಪಾದ, ನಿಂತಾಗ ಮಂಡಿಗಳು ಒಂದಕ್ಕೊಂದು ತಾಗುವುದು, ಮೂಗಿನ ಮೂಳೆ ವಕ್ರವಾಗಿರುವುದು, ಕಿವಿಯಲ್ಲಿ ಗುಗ್ಗೆ ತುಂಬಿರುವುದು, ಎತ್ತರಕ್ಕೆ ಮೀರಿದ ತೂಕ ಇವೆಲ್ಲ ಮಕ್ಕಳು ಸಾಮಾನ್ಯವಾಗಿ ಸಿಕ್ಕಿಬೀಳುವ ಜಾಗಗಳು. ಕೆಲವನ್ನು ಸರಿಪಡಿಸಬಹುದು, ಆದರೆ ಸಮಯ ಬೇಕು. ಹಲ್ಲಿಗೂ ಲೆಕ್ಕ ಇದೆ, ಕನಿಷ್ಠ 14 ಡೆಂಟಲ್ ಪಾಯಿಂಟ್, ಅಂದರೆ ಗಟ್ಟಿ ಹಲ್ಲುಗಳಿಗೆ ಕೊಡುವ ಅಂಕ, ಇರಬೇಕು. ಭೂಸೇನೆಗೆ ಹುಡುಗರ ಕನಿಷ್ಠ ಎತ್ತರ ಸಾಮಾನ್ಯವಾಗಿ 157 ಸೆಂಟಿಮೀಟರ್, ಹುಡುಗಿಯರದು 152. ವಾಯುಪಡೆಯ ಪೈಲಟ್ ಆಗಲು 162.5 ಬೇಕು. ಕೆಲವು ಪ್ರದೇಶ ಮತ್ತು ಸಮುದಾಯದವರಿಗೆ ಇದರಲ್ಲಿ ರಿಯಾಯಿತಿ ಇದೆ. ಹಚ್ಚೆಯ ವಿಷಯದಲ್ಲೂ ನಿಯಮ ಬಿಗಿ. ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಬದಿ ಬಿಟ್ಟರೆ ಬೇರೆಡೆ ಶಾಶ್ವತ ಟ್ಯಾಟೂ ಇದ್ದರೆ ಒಪ್ಪುವುದಿಲ್ಲ. ಜಾತ್ರೆಯಲ್ಲಿ ಗೆಳೆಯರ ಜೊತೆ ಸೇರಿ ತೋಳಿಗೆ ಹಾಕಿಸಿಕೊಂಡ ಒಂದು ಹೆಸರು ಬಾಗಿಲು ಮುಚ್ಚಿಸಬಹುದು. ಇದನ್ನು ಮಗುವಿಗೆ ಈಗಲೇ ಹೇಳಿ.

ವಯಸ್ಸು ಮತ್ತು ಲೆಕ್ಕ

ಕೋರ್ಸ್ ಶುರುವಾಗುವಾಗ ಅಭ್ಯರ್ಥಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷ ಆಗಿರಬೇಕು, ಮದುವೆ ಆಗಿರಬಾರದು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ, ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ. ಏಪ್ರಿಲ್‌ನಲ್ಲಿ ಬರೆದವರ ಕೋರ್ಸ್ ಮುಂದಿನ ಜನವರಿಗೆ, ಸೆಪ್ಟೆಂಬರ್‌ನಲ್ಲಿ ಬರೆದವರದು ಮುಂದಿನ ಜುಲೈಗೆ. ಸೆಕೆಂಡ್ ಪಿಯು ಓದುತ್ತಿರುವವರೂ ಬರೆಯಬಹುದು. ಫಸ್ಟ್ ಪಿಯು ಮಕ್ಕಳಿಗೆ ಅವಕಾಶ ಇಲ್ಲ. ಹಾಗಾಗಿ ಬಹಳಷ್ಟು ಮಕ್ಕಳಿಗೆ ಸೆಕೆಂಡ್ ಪಿಯು ಸೆಪ್ಟೆಂಬರ್ ಮೊದಲ ಪ್ರಯತ್ನ, ಬೋರ್ಡ್ ಪರೀಕ್ಷೆ ಮುಗಿದ ಮೇಲಿನ ಏಪ್ರಿಲ್ ಎರಡನೆಯದು. ಆಮೇಲೆ ಹುಟ್ಟಿದ ದಿನಾಂಕ ನೋಡಿಕೊಂಡು ಇನ್ನೂ ಒಂದೆರಡು ಸಿಗಬಹುದು. ಅರ್ಜಿ ಶುಲ್ಕ 100 ರೂಪಾಯಿ. ಹುಡುಗಿಯರಿಗೆ ಮತ್ತು ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಅದೂ ಇಲ್ಲ.

ಭೂಸೇನೆಗೆ ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಆಗುತ್ತದೆ. ನೌಕಾಪಡೆ, ವಾಯುಪಡೆ ಬೇಕಾದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕು. ಕಲಾ ವಿಭಾಗದ ಮಕ್ಕಳಿಗೆ ಬಾಗಿಲು ತೆರೆದಿದೆ ನಿಜ, ಆದರೆ ಗಣಿತದ ಪತ್ರಿಕೆಯಿಂದ ಅವರಿಗೂ ವಿನಾಯಿತಿ ಇಲ್ಲ.

ಹುಡುಗಿಯರ ವಿಷಯಕ್ಕೆ ಬಂದರೆ, 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ನಂತರ ಎನ್‌ಡಿಎ ಬಾಗಿಲು ಅವರಿಗೂ ತೆರೆಯಿತು. 2022ರಲ್ಲಿ ಮೊದಲ ತಂಡ ಸೇರಿತು. 2025ರ ಮೇ ತಿಂಗಳಲ್ಲಿ ಅವರಲ್ಲಿ 17 ಮಂದಿ ತರಬೇತಿ ಮುಗಿಸಿ ಹೊರಬಂದರು. ಮಗಳು ಈ ಮಾತು ಎತ್ತಿದರೆ ನಕ್ಕು ಸುಮ್ಮನಾಗಬೇಡಿ.

ಬರಹದ ಪರೀಕ್ಷೆ

ಎರಡು ಪತ್ರಿಕೆ, ಒಂದೊಂದಕ್ಕೆ ಎರಡೂವರೆ ಗಂಟೆ. ಗಣಿತಕ್ಕೆ 300 ಅಂಕ, 120 ಪ್ರಶ್ನೆ. ಸಾಮಾನ್ಯ ಸಾಮರ್ಥ್ಯ ಪರೀಕ್ಷೆಗೆ 600 ಅಂಕ, 150 ಪ್ರಶ್ನೆ. ಇದರಲ್ಲಿ 200 ಅಂಕ ಇಂಗ್ಲಿಷ್‌ಗೆ, ಉಳಿದ 400 ಅಂಕ ವಿಜ್ಞಾನ, ಇತಿಹಾಸ, ಭೂಗೋಳ, ಪ್ರಚಲಿತ ವಿದ್ಯಮಾನಗಳಿಗೆ. ಪ್ರಶ್ನೆ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ, ಕನ್ನಡದಲ್ಲಿ ಇಲ್ಲ.

ನಮ್ಮ ಪಿಯು ಸೈನ್ಸ್ ಮಕ್ಕಳಿಗೆ ಒಂದು ಅನುಕೂಲ ಇದೆ. ಪಿಯುಸಿ ಗಣಿತ, ವಿಜ್ಞಾನ ಎನ್‌ಸಿಇಆರ್‌ಟಿ ಪಠ್ಯವನ್ನೇ ಅನುಸರಿಸುತ್ತದೆ, ಎನ್‌ಡಿಎ ಗಣಿತಕ್ಕೂ ಹೆಚ್ಚುಕಡಿಮೆ ಅದೇ ತಳಹದಿ. ಸಿಇಟಿಗೋ ಜೆಇಇಗೋ ಓದುತ್ತಿರುವ ಮಗುವಿಗೆ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ಅವರು ಎಡವುವುದು ಬೇರೆ ಕಡೆ. ಎಸ್‌ಎಸ್‌ಎಲ್‌ಸಿ ಮುಗಿದ ದಿನವೇ ಇತಿಹಾಸ, ಭೂಗೋಳದ ಪುಸ್ತಕವನ್ನು ಅಟ್ಟಕ್ಕೆ ಹಾಕಿರುತ್ತಾರೆ. ಇಲ್ಲಿ ಆ ಎರಡಕ್ಕೇ ಸೇರಿ ಸುಮಾರು 160 ಅಂಕ ಇದೆ. ಆರರಿಂದ ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಪುಸ್ತಕಗಳನ್ನು ಕೆಳಗಿಳಿಸಿ. ದಿನಕ್ಕೆ ಅರ್ಧ ಗಂಟೆ ಸಾಕು.

ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಳೆಯುತ್ತಾರೆ. ಗಣಿತದಲ್ಲಿ ಒಂದು ಸರಿ ಉತ್ತರಕ್ಕೆ 2.5, ತಪ್ಪಿಗೆ 0.83 ಕಡಿತ. ಒಬ್ಬ ಹುಡುಗ 50 ಸರಿ, 20 ತಪ್ಪು ಮಾಡಿದ ಅಂದುಕೊಳ್ಳಿ. 125 ಅಂಕದಲ್ಲಿ ಸುಮಾರು 17 ಹೋಗಿ 108 ಉಳಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕಟ್‌ಆಫ್ ಒಟ್ಟು 900ಕ್ಕೆ ಸುಮಾರು 290ರಿಂದ 360ರ ನಡುವೆ ಓಡಾಡಿದೆ. ಅಂದರೆ ಎಲ್ಲ ಪ್ರಶ್ನೆ ಮುಟ್ಟಲೇಬೇಕು ಅಂತ ಇಲ್ಲ. ಗೊತ್ತಿರುವುದನ್ನು ಸರಿಯಾಗಿ ಮಾಡಿ, ಗೊತ್ತಿಲ್ಲದ್ದನ್ನು ಧೈರ್ಯವಾಗಿ ಬಿಡುವ ಅಭ್ಯಾಸ ಬೇಕು. ಒಂದೂ ಪ್ರಶ್ನೆ ಬಿಡಬಾರದು ಅಂತ ಶಾಲೆಯಲ್ಲಿ ಕಲಿತು ಬಂದ ಮಕ್ಕಳಿಗೆ ಇದೇ ಕಷ್ಟ. ಹಳೆಯ ಪ್ರಶ್ನೆ ಪತ್ರಿಕೆಗಳು ಯುಪಿಎಸ್‌ಸಿ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಗಡಿಯಾರ ಇಟ್ಟುಕೊಂಡು ಅವನ್ನು ಬಿಡಿಸುವುದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಗಣಿತ ತೀರಾ ಹಿಂದಿದ್ದರೆ ಮಾತ್ರ ಕೋಚಿಂಗ್ ಬಗ್ಗೆ ಯೋಚಿಸಿ.

ಎಸ್‌ಎಸ್‌ಬಿ: ನಿಜವಾದ ಆಯ್ಕೆ ಇಲ್ಲಿ

ಬರಹದ ಪರೀಕ್ಷೆಗೆ 900 ಅಂಕ ಇದ್ದಂತೆ ಸರ್ವಿಸಸ್ ಸೆಲೆಕ್ಷನ್ ಬೋರ್ಡ್, ಅಂದರೆ ಎಸ್‌ಎಸ್‌ಬಿ, ನಡೆಸುವ ಐದು ದಿನದ ಆಯ್ಕೆಗೂ 900 ಅಂಕ ಇದೆ. ಬೆಂಗಳೂರಿನಲ್ಲೂ ಇದರ ಕೇಂದ್ರ ಇದೆ. ಭೋಪಾಲ್, ಪ್ರಯಾಗ್‌ರಾಜ್ ಮುಂತಾದ ಕಡೆಯೂ ಇವೆ. ಮೊದಲ ಸಲ ಹೋಗುವವರಿಗೆ ಮೂರನೇ ದರ್ಜೆ ಎಸಿ ರೈಲು ಪ್ರಯಾಣದ ಖರ್ಚು ಕೊಡುತ್ತಾರೆ. ಬರಹದಲ್ಲಿ ತುಂಬಾ ಒಳ್ಳೆಯ ಅಂಕ ಬಂದವರೂ ಇಲ್ಲಿ ಮೊದಲ ದಿನವೇ ವಾಪಸ್ ಬರುವುದುಂಟು.

ಯಾಕೆ ಹೀಗೆ ಅಂತ ಅರ್ಥವಾಗಬೇಕಾದರೆ ಈ ಮಗು ಮುಂದೆ ಮಾಡುವ ಕೆಲಸವನ್ನು ನೆನೆಸಿಕೊಳ್ಳಿ. ಇಪ್ಪತ್ತೊಂದು, ಇಪ್ಪತ್ತೆರಡು ವರ್ಷಕ್ಕೆ ಲೆಫ್ಟಿನೆಂಟ್ ಆಗಿ ಒಂದು ಪ್ಲಟೂನ್‌ಗೆ, ಅಂದರೆ ಮೂವತ್ತಕ್ಕೂ ಹೆಚ್ಚು ಜವಾನರಿಗೆ, ಮುಂದಾಳಾಗಬೇಕು. ಅವರಲ್ಲಿ ಹಲವರು ಇವನಿಗಿಂತ ಹತ್ತು, ಹದಿನೈದು ವರ್ಷ ದೊಡ್ಡವರು, ಅನುಭವಿಗಳು. ಅವರ ಜೀವ ಇವನ ತೀರ್ಮಾನದ ಮೇಲೆ ನಿಂತಿರುತ್ತದೆ. ಅಂಥ ಕೆಲಸಕ್ಕೆ ಈ ಹುಡುಗನನ್ನು ನಂಬಬಹುದಾ? ಐದು ದಿನ ಹುಡುಕುವುದು ಇದೊಂದೇ ಪ್ರಶ್ನೆಗೆ ಉತ್ತರ.

ಹುಡುಕುವವರು ಮೂವರು. ಮನಶ್ಶಾಸ್ತ್ರಜ್ಞರು, ಸಂದರ್ಶನ ಮಾಡುವ ಅಧಿಕಾರಿ, ಮೈದಾನದಲ್ಲಿ ಗುಂಪು ಚಟುವಟಿಕೆ ನಡೆಸುವ ಜಿಟಿಓ. ಮನಸಾ, ವಾಚಾ, ಕರ್ಮಣಾ ಅನ್ನುವ ಮಾತನ್ನೇ ಎಸ್‌ಎಸ್‌ಬಿ ಈ ಮೂರಕ್ಕೆ ಬಳಸುತ್ತದೆ. ಮಗು ಏನು ಯೋಚಿಸುತ್ತದೆ, ಏನು ಹೇಳುತ್ತದೆ, ಏನು ಮಾಡುತ್ತದೆ ಎಂಬುದು ಒಂದಕ್ಕೊಂದು ಹೊಂದಬೇಕು. ಮೂವರೂ ಬೇರೆ ಬೇರೆಯಾಗಿ ಅಳೆದು ಕೊನೆಯ ದಿನ ಒಟ್ಟಿಗೆ ಕೂರುತ್ತಾರೆ. ಬಾಯಿಪಾಠ ಮಾಡಿಕೊಂಡು ಹೋದವರು ಸಿಕ್ಕಿಬೀಳುವುದು ಈ ಹೊಂದಾಣಿಕೆಯಲ್ಲೇ.

ಮೊದಲ ದಿನ ಬುದ್ಧಿಮತ್ತೆಯ ಪ್ರಶ್ನೆಗಳ ಜೊತೆ ಒಂದು ಮಸುಕಾದ ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಅದಕ್ಕೊಂದು ಕತೆ ಬರೆದು, ಗುಂಪಿನ ಮುಂದೆ ಹೇಳಿ, ಎಲ್ಲರೂ ಸೇರಿ ಒಂದೇ ಕತೆಗೆ ಒಪ್ಪಬೇಕು. ಇಲ್ಲಿ ಮೀನು ಮಾರುಕಟ್ಟೆಯಂತೆ ಗದ್ದಲ ಎದ್ದುಬಿಡುತ್ತದೆ. ಎಲ್ಲರಿಗಿಂತ ಜೋರಾಗಿ ಕೂಗಿದವನೇ ನಾಯಕ ಅಂತ ಮಕ್ಕಳು ತಿಳಿದಿರುತ್ತಾರೆ. "ಅವರು ಹೇಳಿದ್ದು ಸರಿ ಇದೆ, ಅದಕ್ಕೆ ಇದೊಂದು ಸೇರಿಸೋಣ" ಅಂತ ಎರಡೇ ಸಲ ಮಾತಾಡಿದವನೂ ಗಮನ ಸೆಳೆಯಬಹುದು ಅಂತ ಅವರಿಗೆ ಗೊತ್ತಿರುವುದಿಲ್ಲ.

ಎರಡನೇ ದಿನ ಪೆನ್ನು ಕೆಳಗಿಡಲು ಪುರುಸೊತ್ತಿಲ್ಲ. ತೋರಿಸಿದ ಚಿತ್ರಗಳಿಗೆ ಹನ್ನೆರಡು ಕತೆ ಬರೆಯಬೇಕು, ಅದರಲ್ಲಿ ಕೊನೆಯದು ಖಾಲಿ ಪರದೆಗೆ. ಆಮೇಲೆ 60 ಪದ, ಒಂದೊಂದಕ್ಕೆ 15 ಸೆಕೆಂಡ್. ಪದ ಕಂಡ ಕೂಡಲೇ ಹೊಳೆದ ವಾಕ್ಯ ಬರೆಯಬೇಕು. "ಸೋಲು" ಅನ್ನುವ ಅರ್ಥದ ಪದ ಬಂತು ಅಂದುಕೊಳ್ಳಿ. ಕೋಚಿಂಗ್ ಮುಗಿಸಿದ ಹುಡುಗ "ಸೋಲೇ ಗೆಲುವಿನ ಮೆಟ್ಟಿಲು" ಅಂತ ಬರೆಯುತ್ತಾನೆ. ಆ ಸಾಲನ್ನು ಅಲ್ಲಿನವರು ಎಷ್ಟು ಸಾವಿರ ಸಲ ಓದಿರಬಹುದು! ಅದರಿಂದ ಹುಡುಗನ ಬಗ್ಗೆ ಏನೂ ತಿಳಿಯುವುದಿಲ್ಲ. "ಫೈನಲ್ ಸೋತ ಮರುದಿನವೇ ತಂಡ ಅಭ್ಯಾಸಕ್ಕೆ ಇಳಿಯಿತು" ಅಂತ ಬರೆದವನು ಯಾವುದೋ ತಂಡದಲ್ಲಿ ಆಡಿದ್ದಾನೆ, ಸೋತಿದ್ದಾನೆ, ಮತ್ತೆ ಎದ್ದಿದ್ದಾನೆ. ಹದಿನೈದು ಸೆಕೆಂಡಿನಲ್ಲಿ ಹೊರಗೆ ಬರುವುದು ಬದುಕಿದ್ದು ಮಾತ್ರ. ಆಮೇಲೆ ಬರುವ ಸನ್ನಿವೇಶ ಪರೀಕ್ಷೆಯೂ ಹೀಗೇ, 60 ಸನ್ನಿವೇಶಕ್ಕೆ 30 ನಿಮಿಷ. ರೈಲಿನಲ್ಲಿ ಎದುರು ಕೂತ ಅಜ್ಜನ ಚೀಲ ಕಾಣೆಯಾಗಿದೆ, ನೀನೇನು ಮಾಡುತ್ತೀಯ? ಕಳ್ಳನನ್ನು ಓಡುವ ರೈಲಿನಿಂದ ಹಾರಿ ಹಿಡಿದೆ ಅಂತ ಬರೆದರೆ ನಂಬುವವರು ಯಾರು? ಅಜ್ಜನಿಗೆ ಧೈರ್ಯ ಹೇಳಿ, ಅಕ್ಕಪಕ್ಕ ಹುಡುಕಿ, ಟಿಟಿಇಗೆ ತಿಳಿಸಿ, ದೂರು ಬರೆಸಿ, ಮನೆಯವರಿಗೆ ಫೋನ್ ಮಾಡಿಕೊಟ್ಟೆ ಅಂದರೆ ಸಾಕು.

ಮೈದಾನದ ಕೆಲಸ ಇನ್ನೂ ಸ್ಪಷ್ಟ. ಎಂಟು ಹತ್ತು ಮಕ್ಕಳ ಗುಂಪಿಗೆ ಒಂದು ಮರದ ದಿಮ್ಮಿ, ಒಂದು ಹಲಗೆ, ಒಂದು ಹಗ್ಗ, ಹೊರಲು ಒಂದು ಭಾರ ಕೊಡುತ್ತಾರೆ. ನೆಲ ಮುಟ್ಟದೆ ಆಚೆ ದಾಟಬೇಕು. ಕೆಂಪು ಬಣ್ಣ ಬಳಿದ ಜಾಗವನ್ನು ಯಾರೂ, ಯಾವ ವಸ್ತುವೂ ಮುಟ್ಟುವಂತಿಲ್ಲ. ಹಲಗೆ ಎದುರಿನ ಕಂಬದವರೆಗೆ ತಲುಪುವುದಿಲ್ಲ, ಬೇಕೆಂದೇ ಗಿಡ್ಡ ಕೊಟ್ಟಿರುತ್ತಾರೆ. ಆಗ ಹಲಗೆಯನ್ನು ಮುಂದಕ್ಕೆ ಚಾಚಿ, ಹಿಂತುದಿಯನ್ನು ಕಟ್ಟಿಯೋ ಅದರ ಮೇಲೆ ಇಬ್ಬರು ನಿಂತು ಭಾರ ಹಾಕಿಯೋ ಉಳಿದವರನ್ನು ದಾಟಿಸಬೇಕು. ಉಪಾಯ ಹೊಳೆದವನು ಮೊದಲು ತಾನೇ ದಾಟಿಹೋದನಾ? ಅಥವಾ ಹಿಂತುದಿಯಲ್ಲಿ ನಿಂತು ಎಲ್ಲರನ್ನೂ ದಾಟಿಸಿ ಕೊನೆಗೆ ಬಂದನಾ? ಹೆದರಿ ನಿಂತ ಹುಡುಗನಿಗೆ ಬೈದನಾ, ಕೈ ಕೊಟ್ಟನಾ? ಜಿಟಿಓ ದೂರ ನಿಂತು ಸುಮ್ನೆ ನೋಡುತ್ತಿರುತ್ತಾರೆ. ಇದನ್ನು ನಟಿಸಲು ಆಗುವುದಿಲ್ಲ. ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ನಟನೆ ಜಾರಿಬಿಡುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು

ಇದೇ ಈ ಲೇಖನದ ಮುಖ್ಯ ಮಾತು. ಎಸ್‌ಎಸ್‌ಬಿ ಕೇಳುವುದನ್ನು ಎರಡು ವಾರದ ಕ್ಲಾಸಿನಲ್ಲಿ ಕಲಿಸಲು ಆಗುವುದಿಲ್ಲ. ಪರೀಕ್ಷೆಯ ಸ್ವರೂಪ ಗೊತ್ತಾಗಲಿ ಅಂತ ಒಂದು ಸಣ್ಣ ತರಬೇತಿಗೆ ಹೋದರೆ ತಪ್ಪೇನಿಲ್ಲ, ಗಾಬರಿ ಕಡಿಮೆಯಾಗುತ್ತದೆ. ಆದರೆ ಸಿದ್ಧ ಕತೆ, ಸಿದ್ಧ ಉತ್ತರ ಕೊಡುವ ಕಡೆ ಹಣ ಸುರಿಯಬೇಡಿ.

ಒಂದು ದೃಶ್ಯ ನಮಗೆಲ್ಲ ಪರಿಚಯ. ಮನೆಗೆ ನೆಂಟರು ಬಂದು "ಏನಪ್ಪಾ, ಏನ್ ಓದ್ತಿದ್ದೀಯ?" ಅಂತ ಹುಡುಗನನ್ನು ಕೇಳುತ್ತಾರೆ. ಅವನು ಬಾಯಿ ತೆರೆಯುವ ಮುಂಚೆ ಅಮ್ಮನೋ ಅಪ್ಪನೋ ಉತ್ತರ ಕೊಟ್ಟಾಗಿರುತ್ತದೆ. ಹದಿನೇಳು ವರ್ಷ ಹೀಗೆ ಬೆಳೆದ ಮಗು ಒಬ್ಬ ಕರ್ನಲ್ ಎದುರು ಕೂತು ಒಂದು ಗಂಟೆ ತನ್ನ ಬಗ್ಗೆ ತಾನೇ ಮಾತಾಡಬೇಕು. ಆದ್ದರಿಂದ ಮೊದಲನೆಯದಾಗಿ, ಅವನ ಉತ್ತರ ಅವನೇ ಕೊಡಲಿ. ತಡವರಿಸಲಿ ಬಿಡಿ.

ಆಮೇಲೆ ನಿಜವಾದ ಜವಾಬ್ದಾರಿ ಕೊಡಿ. ತಪ್ಪಿದರೆ ನಿಜವಾಗಿಯೂ ತೊಂದರೆ ಆಗುವಂಥದ್ದು. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಟೋಕನ್ ತಗೊಂಡು, ಡಾಕ್ಟರ್ ಹೇಳಿದ್ದನ್ನು ಕೇಳಿಸಿಕೊಂಡು, ಔಷಧ ತಂದು, ಮನೆಯವರಿಗೆಲ್ಲ ವಿವರಿಸುವುದು ಒಂದು ಪೂರ್ತಿ ದಿನದ ನಾಯಕತ್ವದ ಪಾಠ. ಕುಟುಂಬದ ಪ್ರವಾಸ ಇದ್ದರೆ ಬಜೆಟ್ ಹೇಳಿ, ಟಿಕೆಟ್‌ನಿಂದ ರೂಮಿನವರೆಗೆ ಅವಳೇ ಯೋಜನೆ ಹಾಕಲಿ. ಬಸ್ ತಪ್ಪಿದರೆ ಏನು ಮಾಡಬೇಕು ಅಂತ ಅವಳೇ ಯೋಚಿಸಲಿ. ನೀವು ಹಿಂದಿನಿಂದ ಸರಿಮಾಡಲು ಹೋಗಬೇಡಿ. ಪಿಯುಸಿ ಅಂದರೆ ಬರೀ ಓದು, ಮನೆಗೆಲಸ ಮುಟ್ಟಬಾರದು ಅಂತ ಮಕ್ಕಳನ್ನು ಕೂರಿಸಿಬಿಡುವ ನಮ್ಮ ಅಭ್ಯಾಸ ಈ ದಾರಿಗೆ ನೇರ ಅಡ್ಡಿ.

ಗುಂಪಿನ ಆಟ ಒಂದಾದರೂ ಇರಲಿ. ಕಬಡ್ಡಿ, ವಾಲಿಬಾಲ್, ಹಾಕಿ, ಯಾವುದಾದರೂ ಸರಿ. ತಂಡದ ಕ್ಯಾಪ್ಟನ್ ಆಗಬೇಕು ಅಂತೇನಿಲ್ಲ. ಶಾಲೆಯಲ್ಲಿ, ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಲಿ. ದೇಹದ ತಯಾರಿ ದಿನದ ಅಭ್ಯಾಸವಾಗಬೇಕು. ಅಕಾಡೆಮಿಗೆ ಬರುವ ಮುಂಚೆ 2.4 ಕಿಲೋಮೀಟರ್ ದೂರವನ್ನು 15 ನಿಮಿಷದಲ್ಲಿ ಓಡಬೇಕು, 20 ಪುಷ್‌ಅಪ್, 20 ಸಿಟ್‌ಅಪ್, 8 ಚಿನ್‌ಅಪ್ ಮಾಡುವಂತಿರಬೇಕು ಅಂತ ಅಧಿಸೂಚನೆಯೇ ಸಲಹೆ ಕೊಡುತ್ತದೆ. ಚಿನ್‌ಅಪ್ ಒಂದು ಬಿಟ್ಟರೆ ಉಳಿದದ್ದು ಆರೋಗ್ಯವಂತ ಮಗುವಿಗೆ ಕೆಲವು ತಿಂಗಳಲ್ಲಿ ಬರುತ್ತದೆ. ಚಿನ್‌ಅಪ್‌ಗೆ ಜಾಸ್ತಿ ಸಮಯ ಬೇಕು, ಅದನ್ನು ಬೇಗ ಶುರು ಮಾಡಲಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಭಯ ಸಹಜ. ಅಲ್ಲಿ ಯಾರೂ ಉಚ್ಚಾರಣೆಗೆ ಅಂಕ ಹಾಕುವುದಿಲ್ಲ. ಆದರೆ ಅನಿಸಿದ್ದನ್ನು ಸರಳ ವಾಕ್ಯದಲ್ಲಿ ತಡೆಯಿಲ್ಲದೆ ಹೇಳುವಷ್ಟು ಭಾಷೆ ಬೇಕೇ ಬೇಕು. ಇಂಗ್ಲಿಷ್ ಪೇಪರಿನ ಒಂದು ಸುದ್ದಿ ಓದಿ, ಅದನ್ನು ಮೂರು ನಿಮಿಷ ಗಟ್ಟಿಯಾಗಿ ವಿವರಿಸುವುದು ಒಳ್ಳೆಯ ಅಭ್ಯಾಸ. ಎಸ್‌ಎಸ್‌ಬಿಯಲ್ಲೂ ಲೆಕ್ಚರೆಟ್ ಅನ್ನುವ ಇಂಥದ್ದೇ ಒಂದು ಸುತ್ತು ಇದೆ. ಕೇಳುವವರು ನೀವಾಗಿ. ಮಧ್ಯೆ ತಿದ್ದಬೇಡಿ.

ಸಂದರ್ಶನಕ್ಕೆ ಮುಂಚೆ ಮಗು ತನ್ನ ಬಗ್ಗೆ ಒಂದು ಫಾರ್ಮ್ ತುಂಬಬೇಕು. ಅಂಕ, ಆಟ, ಹವ್ಯಾಸ, ಹೊತ್ತ ಜವಾಬ್ದಾರಿ, ಅಪ್ಪ ಅಮ್ಮನ ಕೆಲಸ ಎಲ್ಲ ಅದರಲ್ಲಿ ಇರುತ್ತದೆ. ಪ್ರಶ್ನೆಗಳು ಹುಟ್ಟುವುದು ಅಲ್ಲಿಂದಲೇ. ಹವ್ಯಾಸ ಓದುವುದು ಅಂತ ಬರೆದು, ಕೊನೆಯದಾಗಿ ಓದಿದ ಪುಸ್ತಕದ ಹೆಸರು ಹೇಳಲು ತಡಕಾಡಿದರೆ ಅಧಿಕಾರಿಗೆ ಮುಂದೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಹತ್ತನೇ ಕ್ಲಾಸಿನಲ್ಲೇ ಆ ಫಾರ್ಮ್ ಹೇಗಿರುತ್ತದೆ ಅಂತ ತೋರಿಸಿ. ಯಾವ ಜಾಗ ಖಾಲಿ ಉಳಿಯುತ್ತದೋ ಅಲ್ಲಿ ಎರಡು ವರ್ಷ ಕೆಲಸ ಇದೆ ಅಂತ ಮಗುವಿಗೇ ಕಾಣುತ್ತದೆ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಈ ಆಸೆ ಯಾರದು? ಅಪ್ಪನಿಗೆ ಸಿಗದೆ ಹೋದ ಸಮವಸ್ತ್ರವನ್ನು ಮಗನಿಗೆ ತೊಡಿಸುವ ಆಸೆ ಎಷ್ಟೋ ಮನೆಗಳಲ್ಲಿ ಇದೆ. ಆ ಪ್ರೀತಿ ದೊಡ್ಡದೇ. ಆದರೆ ಅಕಾಡೆಮಿಗೆ ಸೇರಿದ ಮೇಲೆ ಮಗು ತಾನಾಗಿ ಬಿಟ್ಟು ಬಂದರೆ ತರಬೇತಿಯ ಖರ್ಚು ವಾಪಸ್ ಕಟ್ಟಬೇಕಾಗಬಹುದು. ತಂದೆತಾಯಿ ಅದಕ್ಕೆ ಮೊದಲೇ ಸಹಿ ಹಾಕಿರುತ್ತಾರೆ. ದುಡ್ಡಿನ ಮಾತು ಹಾಗಿರಲಿ, ಬೆಳಗಿನ ಜಾವದ ಓಟ, ಕವಾಯತು, ಕ್ಲಾಸು, ನಿದ್ದೆ ಎಳೆಯುವ ಸಂಜೆಗಳನ್ನು ಬೇರೆಯವರ ಆಸೆಗಾಗಿ ಮೂರು ವರ್ಷ ತಡೆದುಕೊಳ್ಳಲು ಆಗುವುದಿಲ್ಲ. ಸೇನೆಯಲ್ಲಿರುವ ಯಾರಾದರೂ ಪರಿಚಯದವರು ರಜೆಗೆ ಬಂದಾಗ ಮಗುವನ್ನು ಅವರ ಹತ್ತಿರ ಕಳಿಸಿ. ನೀವು ಜೊತೆಗೆ ಹೋಗಬೇಡಿ. ಏನು ಕೇಳಬೇಕೋ ಅದೇ ಕೇಳಿಕೊಳ್ಳಲಿ.

ಆಗದೆ ಹೋದರೆ

ಐದನೇ ದಿನ ಆಯ್ಕೆಯಾದವರ ಚೆಸ್ಟ್ ನಂಬರ್, ಅಂದರೆ ಎದೆಯ ಮೇಲೆ ಹಾಕಿಕೊಂಡ ಸಂಖ್ಯೆ, ಓದುತ್ತಾರೆ. ಹೆಚ್ಚಿನವರ ನಂಬರ್ ಬರುವುದಿಲ್ಲ. ಆ ದಿನ ಮನೆಗೆ ಫೋನ್ ಬಂದಾಗ ಮೊದಲು ಊಟ ಆಯ್ತಾ ಅಂತ ಕೇಳಿ. ಎಲ್ಲಿ ತಪ್ಪಾಯ್ತು ಅನ್ನುವ ಪ್ರಶ್ನೆ ಅವತ್ತಿಗೆ ಬೇಡ. ಎರಡನೇ, ಮೂರನೇ ಪ್ರಯತ್ನದಲ್ಲಿ ಆಯ್ಕೆಯಾದ ಅಧಿಕಾರಿಗಳು ಬೇಕಾದಷ್ಟು ಜನ ಇದ್ದಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ. ವಾಯುಪಡೆಯ ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆಗೆ ಜೀವನದಲ್ಲಿ ಒಂದೇ ಅವಕಾಶ. ಅದರಲ್ಲಿ ಫೇಲಾದರೆ ಪೈಲಟ್ ದಾರಿ ಮುಗಿಯಿತು, ಬೇರೆ ದಾರಿಗಳು ಹಾಗೇ ಇರುತ್ತವೆ.

ಜೆಇಇ ಮೇನ್ ಬರೆದಿರುವ ಪಿಸಿಎಂ ಮಕ್ಕಳಿಗೆ ಎನ್‌ಡಿಎ ಬಿಟ್ಟು ಇನ್ನೆರಡು ದಾರಿ ಇದೆ. ಭೂಸೇನೆಯ ಟೆಕ್ನಿಕಲ್ ಎಂಟ್ರಿ ಒಂದು, ನೌಕಾಪಡೆಯ ಬಿಟೆಕ್ ಕೆಡೆಟ್ ಎಂಟ್ರಿ ಇನ್ನೊಂದು. ಎರಡಕ್ಕೂ ಬೇರೆ ಬರಹದ ಪರೀಕ್ಷೆ ಇಲ್ಲ, ನೇರ ಎಸ್‌ಎಸ್‌ಬಿ. ಡಿಗ್ರಿ ಮುಗಿಸಿದ ಮೇಲೆ ಅಧಿಕಾರಿ ಹುದ್ದೆಗೆ ಯುಪಿಎಸ್‌ಸಿಯ ಸಿಡಿಎಸ್, ವಾಯುಪಡೆಯ ಎಎಫ್‌ಕ್ಯಾಟ್ ಎಂಬ ಪರೀಕ್ಷೆಗಳಿವೆ. ಎನ್‌ಸಿಸಿಯ ಸಿ ಸರ್ಟಿಫಿಕೇಟ್ ಇದ್ದರೆ ಭೂಸೇನೆಗೆ ಬರಹದ ಪರೀಕ್ಷೆ ಇಲ್ಲದೆ ಹೋಗುವ ಸ್ಪೆಷಲ್ ಎಂಟ್ರಿಯೂ ಇದೆ. ಆ ಸರ್ಟಿಫಿಕೇಟ್‌ಗೆ ಮೂರು ವರ್ಷ ಹಿಡಿಯುತ್ತದೆ. ಹಾಗಾಗಿ ಡಿಗ್ರಿ ಕಾಲೇಜು ಆರಿಸುವಾಗಲೇ ಅಲ್ಲಿ ಎನ್‌ಸಿಸಿ ಘಟಕ ಇದೆಯಾ ಅಂತ ವಿಚಾರಿಸಿ, ಮೊದಲ ವರ್ಷ ಕೆಡೆಟ್‌ಗಳನ್ನು ಆರಿಸುವ ದಿನ ಮಗು ತಪ್ಪದೆ ಮೈದಾನದಲ್ಲಿ ಇರುವಂತೆ ನೋಡಿಕೊಳ್ಳಿ.